ಅಡ್ಡಿ ಬಂದರೆ ದೇವರಿಗೆ ಇಷ್ಟವಿಲ್ಲವೆಂದೇ? ಆಗಮನ ಕಾಲದ ಒಂದು ಹಳೇ ಪ್ರಶ್ನೆ

ಪ್ರಶ್ನೆ: ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಕಾಲವಾದ ಆಗಮನ ಕಾಲ ಶುರುವಾದೊಡನೆ "ನಿಮ್ಮ ಯೋಜನೆಗಿಂತ ದೇವರ ಯೋಜನೆಗೆ ಮೊದಲ ಸ್ಥಾನ ಕೊಡಿ" ಎಂದು ಪ್ರಬೋಧನೆಯಲ್ಲಿ ಕೇಳುತ್ತೇವೆ. ಇತ್ತ ಮಗಳ ಮದುವೆ ಮಾತುಕತೆ, ಸೈಟಿನ ಸಾಲ, ಮಗನಿಗೆ ಹೊರದೇಶದ ಕೆಲಸ, ಎಲ್ಲವೂ ಡಿಸೆಂಬರಿನಲ್ಲೇ ತೀರ್ಮಾನವಾಗಬೇಕು. ಇದರಲ್ಲಿ ದೇವರ ಯೋಜನೆ ಯಾವುದೆಂದು ತಿಳಿಯುವುದು ಹೇಗೆ? ಎಲ್ಲ ಸಲೀಸಾಗಿ ಕೂಡಿಬಂದರೆ ದೇವರ ಚಿತ್ತ, ಅಡ್ಡಿ ಬಂದರೆ ದೇವರಿಗೆ ಇಷ್ಟವಿಲ್ಲ ಎಂದುಕೊಳ್ಳಬಹುದೇ?

ಉತ್ತರ: ಕೊನೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಇಲ್ಲ, ಹಾಗೆ ಅಂದುಕೊಳ್ಳಬಾರದು. ಪ್ರತಿ ವರ್ಷ ಆಗಮನ ಕಾಲದ ಮೊದಲ ನೇರಳೆ ಮೇಣದಬತ್ತಿ ಹಚ್ಚುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ, ಪ್ರತಿ ವರ್ಷವೂ ಇದೇ ಉತ್ತರ ಕೊಟ್ಟಾಗಿದೆ. ಆದರೂ "ಸಲೀಸಾದರೆ ದೇವರ ಚಿತ್ತ" ಎಂಬ ನಂಬಿಕೆ ಅಲುಗುವುದೇ ಇಲ್ಲ. ಅದು ಒಳಗಿರುವಷ್ಟು ಕಾಲ ಮುಂದೆ ಹೇಳುವ ಯಾವ ಕ್ರಮವೂ ಕೆಲಸಕ್ಕೆ ಬಾರದು. ಹಾಗಾಗಿ ಈ ಸಲ ಬುಡದಿಂದಲೇ ನೋಡೋಣ.

ಪ್ರವಾದಿ ಯೋನನನ್ನು ನೆನಪಿಸಿಕೊಳ್ಳಿ. ದೇವರು ಅವನಿಗೆ ಹೋಗು ಎಂದದ್ದು ಪೂರ್ವದ ನಿನೆವೆಗೆ. ಅವನು ಹೊರಟದ್ದು ಪಶ್ಚಿಮದ ತಾರ್ಷೀಷಿಗೆ. ಯೊಪ್ಪದ ಬಂದರಿಗೆ ಇಳಿದು ಬಂದರೆ ಅಲ್ಲಿ ತಾರ್ಷೀಷಿಗೆ ಹೋಗುವ ಹಡಗು ಸಿದ್ಧವಾಗಿ ನಿಂತಿತ್ತು. ಕೈಯಲ್ಲಿ ಹಣವಿತ್ತು, ಪ್ರಯಾಣದ ದರ ಕೊಟ್ಟ, ಹತ್ತಿದ, ಹಡಗಿನ ಕೆಳಗಿನ ಅಂತಸ್ತಿಗೆ ಇಳಿದು ನಿದ್ದೆಯನ್ನೂ ಮಾಡಿದ. ಸಲೀಸು ಎಂದರೆ ಇದಕ್ಕಿಂತ ಸಲೀಸು ಯಾವುದು? ದೇವರಿಂದ ಓಡಿಹೋಗುವವನಿಗೆ ಪ್ರತಿ ಹೆಜ್ಜೆಯಲ್ಲೂ ಬಾಗಿಲು ತೆರೆದಿತ್ತು. ಹಡಗು ಸಿಕ್ಕಿತು ಎಂಬುದನ್ನೇ ಗುರುತಾಗಿ ಹಿಡಿದಿದ್ದರೆ ತಾರ್ಷೀಷೇ ದೇವರ ಚಿತ್ತ ಎನ್ನಬೇಕಾಗುತ್ತಿತ್ತು.

ಇನ್ನು ಬೆತ್ಲೆಹೇಮ್. ನಾವು ಗೋದಲಿ ಕಟ್ಟಿ, ಹುಲ್ಲು ಹಾಸಿ, ಬಣ್ಣದ ದೀಪ ಸುತ್ತಿ ಆ ರಾತ್ರಿಯನ್ನು ತುಂಬಾ ಚೆಂದ ಮಾಡಿಬಿಟ್ಟಿದ್ದೇವೆ. ದೀಪ ತೆಗೆದು ನೋಡಿ. ದಿನ ತುಂಬಿದ ಹೆಂಗಸು, ನೂರು ಕಿಲೋಮೀಟರಿಗೂ ಹೆಚ್ಚಿನ ಪ್ರಯಾಣ, ಅದೂ ಯಾರೋ ಚಕ್ರವರ್ತಿ ಜನಗಣತಿಗೆ ಆಜ್ಞೆ ಹೊರಡಿಸಿದ ಕಾರಣಕ್ಕೆ. ಹೋದ ಕಡೆ ಛತ್ರದಲ್ಲಿ ಜಾಗವಿಲ್ಲ. ಮಗುವನ್ನು ಮಲಗಿಸಿದ್ದು ದನಗಳ ಮೇವಿನ ತೊಟ್ಟಿಯಲ್ಲಿ. ಆಮೇಲೆ ಮಗುವನ್ನು ಕೊಲ್ಲಲು ಹೊರಟ ಅರಸ ಹೆರೋದನ ಕತ್ತಿ, ರಾತ್ರೋರಾತ್ರಿ ಈಜಿಪ್ಟಿಗೆ ಪಲಾಯನ. ದೇವರ ಯೋಜನೆ ತನ್ನ ತುತ್ತತುದಿಗೆ ಮುಟ್ಟಿದ ಆ ಕೆಲವೇ ದಿನಗಳಲ್ಲಿ ಒಂದು ಕೆಲಸವಾದರೂ ಸುಸೂತ್ರವಾಗಿ ಆಯಿತೇ? "ಅಡ್ಡಿ ಬಂತು, ಇದು ದೇವರಿಗೆ ಇಷ್ಟವಿಲ್ಲ" ಎಂದು ಸಂತ ಜೋಸೆಫರು ಛತ್ರದ ಬಾಗಿಲಿನಿಂದಲೇ ನಜರೇತಿಗೆ ವಾಪಸಾಗಬೇಕಿತ್ತೇ?

"ಆದರೆ ಸಂತ ಪೌಲರಿಗೆ ದೇವರೇ ದಾರಿ ಮುಚ್ಚಿದರಲ್ಲ?" ಎಂದು ಓದಿಕೊಂಡವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಪ್ರೇಷಿತರ ಕಾರ್ಯಕಲಾಪಗಳ 16ನೇ ಅಧ್ಯಾಯದಲ್ಲಿ ಪೌಲ ಏಷ್ಯಾ ಪ್ರಾಂತ್ಯದಲ್ಲಿ ಬೋಧಿಸದಂತೆ ಪವಿತ್ರಾತ್ಮ ತಡೆಯುತ್ತಾರೆ, ಬಿಥೂನಿಯಕ್ಕೂ ಹೋಗಗೊಡುವುದಿಲ್ಲ. ಸರಿ. ಈಗ ಅದೇ ಪೌಲ ಥೆಸಲೋನಿಯದವರಿಗೆ ಬರೆದ ಮೊದಲ ಪತ್ರ ತೆಗೆಯಿರಿ, 2ನೇ ಅಧ್ಯಾಯ, 18ನೇ ವಚನ. ನಿಮ್ಮಲ್ಲಿಗೆ ಬರಬೇಕೆಂದು ಮತ್ತೆ ಮತ್ತೆ ಯತ್ನಿಸಿದೆ, ಸೈತಾನ ತಡೆದ ಎನ್ನುತ್ತಾರೆ. ಅದೇ ಪ್ರೇಷಿತ, ಎರಡೂ ಪ್ರಯಾಣದ ಅಡ್ಡಿಗಳೇ. ಒಂದನ್ನು ಪವಿತ್ರಾತ್ಮನದು ಎಂದರು, ಇನ್ನೊಂದನ್ನು ಸೈತಾನನದು ಎಂದರು. ಅಡ್ಡಿಯ ಮುಖದ ಮೇಲೆ ಅದನ್ನು ತಂದವರ ಹೆಸರು ಬರೆದಿರುವುದಿಲ್ಲ, ಅದನ್ನು ಪ್ರಾರ್ಥನೆಯಲ್ಲಿ ಕೂತು ವಿವೇಚಿಸಿಯೇ ತಿಳಿಯಬೇಕು. ಮಕೆದೋನಿಯದವನೊಬ್ಬ ಸಹಾಯಕ್ಕೆ ಬಾ ಎಂದು ಕರೆಯುವ ದರ್ಶನ ಪೌಲರಿಗೆ ಆದಾಗಲೂ ಅವರು ಒಬ್ಬರೇ ಎದ್ದು ಓಡಲಿಲ್ಲ. ಜೊತೆಗಿದ್ದವರೆಲ್ಲ ಸೇರಿ "ದೇವರು ಕರೆದಿದ್ದಾರೆ" ಎಂಬ ತೀರ್ಮಾನಕ್ಕೆ ಬಂದರು ಎಂದು ಸಂತ ಲೂಕ ಸ್ಪಷ್ಟವಾಗಿ ಬರೆದಿದ್ದಾರೆ.

ಈ ನಂಬಿಕೆ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿರುವುದಕ್ಕೆ ಕಾರಣವೂ ಇದೆ. ಅದು ನಮ್ಮ ಹಳೇ ಶಕುನವೇ. ಹೊರಡುವಾಗ ಬೆಕ್ಕು ಅಡ್ಡ ಬಂದರೆ ಹಿಂದೆ ಬಂದು ಕೂತು ನೀರು ಕುಡಿಯುವ ಅಭ್ಯಾಸಕ್ಕೆ ಜಪಸರ ಹಾಕಿದ್ದೇವೆ, ಅಷ್ಟೇ. ಜೊತೆಗೆ ಅದು ಯೋಚಿಸುವ ಕಷ್ಟವನ್ನು ತಪ್ಪಿಸುತ್ತದೆ. ಬ್ಯಾಂಕಿನವರು ಸಾಲ ಮಂಜೂರು ಮಾಡಿದರೆ ದೇವರು ಹೂಂ ಎಂದರು, ಮಾಡದಿದ್ದರೆ ಬೇಡ ಎಂದರು. ಆಗ ಸಾಲ ತೀರಿಸುವ ಶಕ್ತಿ ನನಗಿದೆಯೇ, ಆ ಮನೆ ನನ್ನ ಕುಟುಂಬಕ್ಕೆ ಬೇಕೇ ಎಂದು ಕೇಳಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಇದು ಬರೀ ತಪ್ಪು ತಿಳಿವಳಿಕೆಯಾಗಿ ಉಳಿದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಇದರಿಂದ ಜನರಿಗೆ ಗಾಯವಾಗುತ್ತದೆ. ಗರ್ಭಪಾತವಾದ ತಾಯಿಗೆ, ಕೆಲಸ ಹೋದ ತಂದೆಗೆ, ಸಂಬಂಧ ಮುರಿದ ಹುಡುಗಿಗೆ "ದೇವರಿಗೆ ಇಷ್ಟವಿರಲಿಲ್ಲ" ಎಂದು ಸಮಾಧಾನ ಹೇಳಲು ಹೋಗುತ್ತೇವೆ. ಅವರಿಗೆ ಕೇಳಿಸುವುದು "ದೇವರಿಗೆ ನೀನು ಇಷ್ಟವಿಲ್ಲ" ಎಂದು. ದಯವಿಟ್ಟು ಆ ಮಾತು ಬಿಡಿ. ಸುಮ್ಮನೆ ಪಕ್ಕದಲ್ಲಿ ಕೂತು ಕೈ ಹಿಡಿದರೆ ಸಾಕು.

ಇನ್ನೊಂದು ಕಡೆಯಿಂದ ಬರುವ ತಪ್ಪೂ ಇದೆ: ದೇವರ ಯೋಜನೆ ಮೊದಲು ಎಂದರೆ ನಾವು ಯೋಜನೆಯನ್ನೇ ಮಾಡಬಾರದು ಎಂಬುದು. ಇದಕ್ಕೆ ಮರಿಯಮ್ಮನವರೇ ಉತ್ತರ. ನಂಟಳಾದ ಎಲಿಜಬೇತ ಮುಪ್ಪಿನಲ್ಲಿ ಗರ್ಭಿಣಿ ಎಂಬ ವಿಷಯವನ್ನು ಗಬ್ರಿಯೇಲ ದೂತ ತಿಳಿಸಿದ, ಹೋಗಿ ನೋಡಿ ಬಾ ಎಂದು ಹೇಳಲಿಲ್ಲ. ಅವನು ಹೊರಟುಹೋದ ಮೇಲೆ ಯೂದಾಯದ ಬೆಟ್ಟದ ಸೀಮೆಗೆ ಅವಸರದಿಂದ ಹೊರಟದ್ದು, ಸುಮಾರು ಮೂರು ತಿಂಗಳು ಉಳಿದದ್ದು, ಎಲ್ಲ ಆಕೆಯ ಸ್ವಂತ ತೀರ್ಮಾನ. ದೇವರಿಗೆ ಹೂಂ ಎಂದವರು ಮರುದಿನದಿಂದ ಕೈಕಟ್ಟಿ ಕೂರುವುದಿಲ್ಲ.

ಅರಸ ದಾವೀದನ ಪ್ರಸಂಗವಂತೂ ಈ ಪ್ರಶ್ನೆಗೇ ಬರೆದಂತಿದೆ. ಮೂರು ವರ್ಷಕ್ಕೊಮ್ಮೆ ಆಗಮನ ಕಾಲದ ನಾಲ್ಕನೇ ಭಾನುವಾರ ಸಮುವೇಲನ ಎರಡನೇ ಗ್ರಂಥದ 7ನೇ ಅಧ್ಯಾಯವನ್ನು ಓದುತ್ತಾರೆ. 2026ರ ಡಿಸೆಂಬರ್ 20ಕ್ಕೆ ಮತ್ತೆ ಅದರ ಸರದಿ. ದಾವೀದ ಅರಮನೆಯಲ್ಲಿ ನೆಮ್ಮದಿಯಾಗಿದ್ದಾನೆ, ಸುತ್ತಲಿನ ಶತ್ರುಗಳ ಕಾಟವಿಲ್ಲ. "ನಾನು ದೇವದಾರು ಮನೆಯಲ್ಲಿರುವಾಗ ದೇವರ ಮಂಜೂಷ (ಕಟ್ಟಳೆಗಳ ಪವಿತ್ರ ಪೆಟ್ಟಿಗೆ) ಡೇರೆಯಲ್ಲಿರುವುದೇ?" ಎಂಬ ಒಳ್ಳೆಯ ಮನಸ್ಸಿನ ಯೋಚನೆ. ಪ್ರವಾದಿ ನಾತಾನನೂ "ನಿನ್ನ ಮನಸ್ಸಿನಲ್ಲಿರುವುದನ್ನು ಮಾಡು, ಸರ್ವೇಶ್ವರ ನಿನ್ನೊಡನೆ ಇದ್ದಾರೆ" ಎಂದುಬಿಟ್ಟ. ಒಳ್ಳೆಯ ಉದ್ದೇಶ, ಅನುಕೂಲ ಕಾಲ, ಗುರುಗಳ ಒಪ್ಪಿಗೆ ಮೂರೂ ಇದ್ದವು. ಅದೇ ರಾತ್ರಿ ದೇವರು ಬೇಡ ಎಂದರು. ನೀನು ನನಗೆ ಮನೆ ಕಟ್ಟುವುದಲ್ಲ, ನಾನೇ ನಿನಗೊಂದು ಮನೆತನ ಕಟ್ಟಿಕೊಡುತ್ತೇನೆ ಎಂದರು. ದಾವೀದ ಮುನಿಸಿಕೊಳ್ಳಲಿಲ್ಲ, ಹೋಗಿ ದೇವರ ಸನ್ನಿಧಿಯಲ್ಲಿ ಕೂತು ಪ್ರಾರ್ಥಿಸಿದ. ಅಷ್ಟೇ ಅಲ್ಲ, ಪೂರ್ವಕಾಲ ವೃತ್ತಾಂತದ ಮೊದಲ ಗ್ರಂಥದ 22ನೇ ಅಧ್ಯಾಯ ನೋಡಿ. ತಾನು ಕಟ್ಟಲಾಗದ ಆ ದೇವಾಲಯಕ್ಕೆ ಕಲ್ಲು ಕಡಿಸಿದ, ದೇವದಾರು ಮರ ತರಿಸಿದ, ಬಾಗಿಲಿನ ಮೊಳೆಗೆ ಬೇಕಾದ ಕಬ್ಬಿಣವನ್ನೂ ಕೂಡಿಟ್ಟ. ಮೊಳೆಯ ಲೆಕ್ಕದವರೆಗೂ ಯೋಜನೆ ಮಾಡಿದ, ಕಟ್ಟುವ ಕೀರ್ತಿಯನ್ನು ಮಾತ್ರ ಮಗನಿಗೆ ಬಿಟ್ಟ. ದೇವರ ಯೋಜನೆಗೆ ಮೊದಲ ಸ್ಥಾನ ಕೊಡುವುದು ಎಂದರೆ ಹೀಗೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಯೇಸುಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನೇಷಿಯಸ್ (1491–1556) ಹಾಕಿಕೊಟ್ಟ ಕ್ರಮ ಇವತ್ತಿಗೂ ಬಳಕೆಯಲ್ಲಿದೆ. ಅದನ್ನೇ ಆಗಮನ ಕಾಲದ ದಿನಗಳಿಗೆ ಹೊಂದಿಸಿ ಹೇಳುತ್ತೇನೆ. ಒಂದು ನೋಟ್‌ಬುಕ್ಕು, ದಿನಕ್ಕೆ ಬೆಳಿಗ್ಗೆ ಹದಿನೈದು ನಿಮಿಷ, ರಾತ್ರಿ ಐದು ನಿಮಿಷ ಸಾಕು.

ಮೊದಲ ಭಾನುವಾರ ಪೂಜೆ ಮುಗಿಸಿ ಬಂದು ನಿಮ್ಮ ಯೋಜನೆಗಳನ್ನೆಲ್ಲ ಬರೆಯಿರಿ, ಚಿಕ್ಕದು ದೊಡ್ಡದು ಎನ್ನಬೇಡಿ. ಆಮೇಲೆ ಒಂದೊಂದನ್ನೇ ಮೂರು ಗುಂಪಿಗೆ ಹಾಕಿ. ಆಗಲೇ ಕೊಟ್ಟ ಮಾತು ಮತ್ತು ಕರ್ತವ್ಯ ಮೊದಲ ಗುಂಪು: ಹಾಸಿಗೆ ಹಿಡಿದ ಅತ್ತೆಯ ಆರೈಕೆ, ತೀರಿಸಬೇಕಾದ ಸಾಲ, ಮಕ್ಕಳ ಫೀಸು. ಇದರಲ್ಲಿ ದೇವರ ಚಿತ್ತ ಏನೆಂದು ಕೇಳುವ ಅಗತ್ಯವೇ ಇಲ್ಲ, ಮಾಡಬೇಕು. ಎರಡನೆಯದು ಪಾಪ: ಮಗನ ಮದುವೆಗೆ ವರದಕ್ಷಿಣೆ ಕೇಳುವುದು, ಖಾತೆ ಮಾಡಿಸಲು ಲಂಚ ಕೊಡುವುದು, ಅಣ್ಣತಮ್ಮಂದಿರ ಪಾಲು ನುಂಗುವುದು. ಇದಕ್ಕಾಗಿ ನವೇನಾ (ಒಂಬತ್ತು ದಿನದ ಪ್ರಾರ್ಥನೆ) ಮಾಡಿದರೂ ದೇವರ ಉತ್ತರ ಬದಲಾಗದು, ಹೊಡೆದು ಹಾಕಿ. ಉಳಿದದ್ದು ಮೂರನೆಯ ಗುಂಪು: ಎರಡೂ ಒಳ್ಳೆಯದೇ ಆಗಿರುವಾಗ ಯಾವುದನ್ನು ಆರಿಸಲಿ ಎಂಬಂಥವು. ವಿವೇಚನೆ ಬೇಕಾದ್ದು ಇವಕ್ಕೆ ಮಾತ್ರ. ಇಷ್ಟು ಮಾಡುವಷ್ಟರಲ್ಲೇ ಪಟ್ಟಿ ಬಹಳ ಚಿಕ್ಕದಾಗಿರುತ್ತದೆ. ಅದರಲ್ಲಿ ಒಂದನ್ನೇ ಈ ಆಗಮನ ಕಾಲಕ್ಕೆ ಇಟ್ಟುಕೊಳ್ಳಿ. ನಾಲ್ಕು ವಿಷಯ ಒಟ್ಟಿಗೆ ಹಿಡಿದವರು ಯಾವುದನ್ನೂ ಮುಗಿಸುವುದಿಲ್ಲ.

ಬೆಳಗಿನ ಹದಿನೈದು ನಿಮಿಷದಲ್ಲಿ ಮೊದಲ ಐದು ನಿಮಿಷ ಲೂಕನ ಅಥವಾ ಮತ್ತಾಯನ ಶುಭಸಂದೇಶದ ಮೊದಲ ಎರಡು ಅಧ್ಯಾಯಗಳಿಂದ ಒಂದು ಭಾಗ ನಿಧಾನವಾಗಿ ಓದಿ. ಉಳಿದ ಹತ್ತು ನಿಮಿಷ ನಿಮ್ಮ ವಿಷಯವನ್ನು ದೇವರ ಮುಂದೆ ಇಟ್ಟು ಒಂದೇ ಒಂದು ವರ ಕೇಳಿ: ಎರಡರಲ್ಲಿ ಯಾವುದಾದರೂ ಸರಿ ಎನ್ನುವ ಮನಸ್ಸು. ತಕ್ಕಡಿಯ ಮುಳ್ಳು ನಡುವೆ ನಿಲ್ಲುವ ಹಾಗೆ. ಇಡೀ ಕೆಲಸದಲ್ಲಿ ಕಷ್ಟವಾದದ್ದು ಇದೇ. ಮುಳ್ಳು ಆಗಲೇ ಒಂದು ಕಡೆ ವಾಲಿದ್ದರೆ ನಾವು ದೇವರನ್ನು ಕೇಳುತ್ತಿಲ್ಲ, ನಮ್ಮ ಅರ್ಜಿಗೆ ಸಹಿ ಹಾಕಿಸಿಕೊಳ್ಳಲು ಬಂದಿದ್ದೇವೆ ಎಂದರ್ಥ. ಯೆಶಾಯನ 7ನೇ ಅಧ್ಯಾಯದಲ್ಲಿ ಅರಸ ಆಹಾಜನ ಸ್ಥಿತಿ ಇದೇ. ದೇವರೇ "ಒಂದು ಗುರುತನ್ನು ಕೇಳು" ಎಂದರೆ "ನಾನು ಕೇಳುವುದಿಲ್ಲ, ದೇವರನ್ನು ಪರೀಕ್ಷಿಸುವುದಿಲ್ಲ" ಎಂದ. ಕೇಳಲು ಎಷ್ಟು ಭಕ್ತಿಯ ಮಾತು! ಆದರೆ ಅವನ ನಂಬಿಕೆಯೆಲ್ಲ ಅಸ್ಸೀರಿಯದ ಅರಸನ ಮೇಲೆ ಇತ್ತು. ದೇವಾಲಯದ ಬೆಳ್ಳಿ ಬಂಗಾರವನ್ನೇ ಅವನಿಗೆ ಕಾಣಿಕೆ ಕಳಿಸಿದ ಎಂದು ಅರಸುಗಳ ಎರಡನೇ ಗ್ರಂಥ ಹೇಳುತ್ತದೆ. ಕೇಳಿದರೆ ಬೇರೆ ಉತ್ತರ ಬಂದೀತು ಎಂಬ ಭಯ ಇದ್ದವನು ಕೇಳುವುದಿಲ್ಲ. ಮುಳ್ಳು ನಡುವೆ ನಿಲ್ಲದಿದ್ದರೆ ಎರಡನೇ ವಾರವೂ ಇದೊಂದನ್ನೇ ಬೇಡಿ, ಮುಂದಿನ ಹಂತಕ್ಕೆ ಹಾರಬೇಡಿ.

ಎರಡನೇ ವಾರದಲ್ಲಿ ನೋಟ್‌ಬುಕ್ಕಿನ ಎದುರುಬದುರು ಹಾಳೆಗಳಲ್ಲಿ ನಾಲ್ಕು ಅಂಕಣ ಎಳೆಯಿರಿ: ಇದನ್ನು ಮಾಡಿದರೆ ಆಗುವ ಒಳಿತು, ಮಾಡಿದರೆ ಆಗುವ ಕೆಡುಕು, ಮಾಡದಿದ್ದರೆ ಆಗುವ ಒಳಿತು, ಮಾಡದಿದ್ದರೆ ಆಗುವ ಕೆಡುಕು. ಬಹಳ ಜನ ಎರಡೇ ಅಂಕಣ ಎಳೆದು ಬಿಡುತ್ತಾರೆ. "ಮಾಡದಿದ್ದರೆ ಆಗುವ ಒಳಿತು" ಎಂಬುದು ಬೇರೆಯದೇ ವಿಷಯ ಹೊರತರುತ್ತದೆ, ಅದನ್ನು ಬಿಡಬೇಡಿ. ಮಗ ದುಬೈಗೆ ಹೋಗದಿದ್ದರೆ ಸಂಬಳ ಕಡಿಮೆ, ನಿಜ. ಮೊಮ್ಮಗಳು ಅಪ್ಪನ ಜೊತೆ ಬೆಳೆಯುತ್ತಾಳೆ ಎಂಬುದು ಆ ಮೂರನೇ ಅಂಕಣದಲ್ಲಿ ಮಾತ್ರ ಕಾಣಿಸುತ್ತದೆ. ಬರೆದಾದ ಮೇಲೆ ಎಷ್ಟು ಸಾಲು ಎಂದು ಎಣಿಸಬೇಡಿ, ಯಾವುದಕ್ಕೆ ತೂಕ ಹೆಚ್ಚು ಎಂದು ನೋಡಿ. ರಾತ್ರಿಯ ಐದು ನಿಮಿಷದಲ್ಲಿ, ಇವತ್ತು ಆ ವಿಷಯ ನೆನೆದಾಗ ಮನಸ್ಸು ಹಗುರವಾಯಿತೇ, ಬರಡಾಯಿತೇ ಎಂದು ಒಂದು ಸಾಲು ಬರೆದಿಡಿ. ಒಂದು ದಿನದ ಸಾಲಿಗೆ ಬೆಲೆಯಿಲ್ಲ, ಹತ್ತು ದಿನದ್ದನ್ನು ಒಟ್ಟಿಗೆ ಓದಿದಾಗ ತಿಳಿಯುತ್ತದೆ. ಪಾಪನಿವೇದನೆಯನ್ನೂ ಈ ವಾರವೇ ಮುಗಿಸಿ. ಡಿಸೆಂಬರ್ 23ರ ಸಂಜೆಯ ಸಾಲಿನಲ್ಲಿ ಹಿಂದೆ ಮೂವತ್ತು ಜನ ಕಾಯುತ್ತಿರುವಾಗ ನೀವೂ ಬಿಚ್ಚಿ ಹೇಳಲಾರಿರಿ, ಸ್ವಾಮಿಗಳೂ ಸಲಹೆ ಕೊಡಲಾರರು.

ಗುಲಾಬಿ ಬತ್ತಿಯ ವಾರ, ಅಂದರೆ ಮೂರನೆಯದು, ಮಾತಾಡುವ ವಾರ. ಇಬ್ಬರೊಡನೆ ಸಾಕು. ಒಬ್ಬರು ನಿಮ್ಮ ತೀರ್ಮಾನದಿಂದ ಲಾಭವೂ ನಷ್ಟವೂ ಇಲ್ಲದ ಅನುಭವಸ್ಥರು, ಗುರುಗಳೋ ಸಿಸ್ಟರೋ ಆಗಬಹುದು. ಇನ್ನೊಬ್ಬರು ಆ ತೀರ್ಮಾನದ ಭಾರ ಹೊರಬೇಕಾದವರು, ಸಾಮಾನ್ಯವಾಗಿ ಹೆಂಡತಿ ಅಥವಾ ಗಂಡ. ಹತ್ತು ಜನರನ್ನು ಕೇಳುವವರು ತಮಗೆ ಬೇಕಾದ ಉತ್ತರ ಕೊಡುವ ಹನ್ನೊಂದನೆಯವರನ್ನು ಹುಡುಕುತ್ತಿರುತ್ತಾರೆ. ಇದೇ ವಾರ ಇಗ್ನೇಷಿಯಸರು ಕೊಟ್ಟ ಎರಡು ಒರೆಗಲ್ಲಿಗೂ ಉಜ್ಜಿ ನೋಡಿ: ಗುರುತು ಪರಿಚಯವಿಲ್ಲದ ಒಬ್ಬರು ಇದೇ ಸಮಸ್ಯೆ ಹೊತ್ತು ಬಂದರೆ ನಾನು ಏನು ಹೇಳುತ್ತಿದ್ದೆ? ಸಾಯುವ ಹೊತ್ತಿನಲ್ಲಿ ಹಿಂತಿರುಗಿ ನೋಡಿದರೆ ಯಾವುದನ್ನು ಆರಿಸಿರಬೇಕಿತ್ತು ಅನ್ನಿಸೀತು?

ನಾಲ್ಕನೇ ವಾರ ತೀರ್ಮಾನ. ಪೂಜೆಯಲ್ಲಿ ಕಾಣಿಕೆ ಅರ್ಪಿಸುವ ಹೊತ್ತಿಗೆ ಅದನ್ನೂ ಮನಸ್ಸಿನಲ್ಲೇ ಬಲಿಪೀಠದ ಮೇಲಿಟ್ಟು, ಎರಡು ಮೂರು ದಿನ ಯಾರಿಗೂ ಹೇಳದೆ ಸುಮ್ಮನಿರಿ. ಕಜ್ಜಾಯಕ್ಕೆ ಪಾಕದಲ್ಲಿ ಕಲಸಿದ ಹಿಟ್ಟನ್ನು ಮುಚ್ಚಿಡುತ್ತೀರಲ್ಲ, ಹಾಗೆ. ಕಲಸಿದ ದಿನವೇ ಎಣ್ಣೆಗೆ ಬಿಟ್ಟರೆ ಒಡೆದು ಹರಡುತ್ತದೆ. ಇಟ್ಟ ಮೇಲೂ ಮನಸ್ಸು ಶಾಂತವಾಗಿದ್ದರೆ ಮೊದಲ ಹೆಜ್ಜೆ ಇಡಿ. ಕಲಕಿದರೆ ಮತ್ತೆ ನಾಲ್ಕು ಅಂಕಣಕ್ಕೆ ಹೋಗಿ. 25ಕ್ಕೆ ಮುಗಿಯಲೇಬೇಕು ಎಂಬ ಗಡುವು ದೇವರು ಹಾಕಿಲ್ಲ, ಜನವರಿಯ ಮೂರು ರಾಯರ ಹಬ್ಬ ಕಳೆದ ಮೇಲೂ ತೀರ್ಮಾನಿಸಬಹುದು. ಕ್ರಿಸ್ಮಸ್ ಭಾನುವಾರವೇ ಬಿದ್ದ ವರ್ಷ ಬಿಟ್ಟರೆ ನಾಲ್ಕನೇ ವಾರ ಪೂರ್ತಿ ಸಿಗುವುದಿಲ್ಲ ಎಂಬುದನ್ನೂ ಲೆಕ್ಕದಲ್ಲಿಡಿ. ಆಗಮನ ಕಾಲ 22ರಿಂದ 28 ದಿನಗಳ ನಡುವೆ ಹಿಗ್ಗಿ ಕುಗ್ಗುತ್ತದೆ. 2023ರಲ್ಲಿ ನಾಲ್ಕನೇ ಭಾನುವಾರವೇ 24ನೇ ತಾರೀಖು, ಸಂಜೆಗೆ ಜಾಗರಣೆ. 2026ರಲ್ಲಿ ನವೆಂಬರ್ 29ಕ್ಕೆ ಶುರು, ನಾಲ್ಕನೇ ವಾರಕ್ಕೆ ಐದು ದಿನ.

ಎಡವುವ ಜಾಗ ಎರಡನ್ನು ಹೇಳಿಬಿಡುತ್ತೇನೆ. ಮನಸ್ಸು ಕುಗ್ಗಿ ಪ್ರಾರ್ಥನೆ ಬೇಸರವಾದ ದಿನಗಳಲ್ಲಿ, ಮೊದಲು ಶಾಂತ ಮನಸ್ಸಿನಿಂದ ಮಾಡಿದ ತೀರ್ಮಾನವನ್ನು ಬದಲಾಯಿಸಬೇಡಿ. ಕತ್ತಲಲ್ಲಿ ದಾರಿ ಬದಲಿಸಿದವರು ದಾರಿ ತಪ್ಪುತ್ತಾರೆ. ಇನ್ನೊಂದು, ಚೀಟಿ ಹಾಕುವುದು ಮತ್ತು ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಡುವುದು. ಯೂದನ ಜಾಗಕ್ಕೆ ಪ್ರೇಷಿತನಾಗಿ ಮತ್ತೀಯನನ್ನು ಚೀಟು ಹಾಕಿಯೇ ಆರಿಸಿದರಲ್ಲ ಎನ್ನುವವರಿಗೆ: ಅದಕ್ಕೆ ಮೊದಲು ಪೇತ್ರ ಅರ್ಹತೆ ಏನೆಂದು ಬಿಡಿಸಿ ಹೇಳಿದ, ಆ ಅರ್ಹತೆ ಇದ್ದ ಇಬ್ಬರನ್ನು ಮುಂದಿಟ್ಟರು, ಪ್ರಾರ್ಥಿಸಿದರು, ಆಮೇಲೆ ಚೀಟು. ಪಂಚಾಶತ್ತಮ ದಿನದಂದು ಪವಿತ್ರಾತ್ಮ ಇಳಿದುಬಂದ ಮೇಲೆ ಪ್ರೇಷಿತರು ಹಾಗೆ ಮಾಡಿದ್ದನ್ನು ಹೊಸ ಒಡಂಬಡಿಕೆಯಲ್ಲಿ ಎಲ್ಲಿಯೂ ಕಾಣೆವು.

ಇಷ್ಟು ಹೇಳಿದ ಮೇಲೆ ಯಾರೂ ನೇರವಾಗಿ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಬೇಕು ಅನ್ನಿಸುತ್ತದೆ, ಏಕೆಂದರೆ ಅದು ಇದಕ್ಕೇ ಅಂಟಿಕೊಂಡಿದೆ. ದೇವರ ಯೋಜನೆಯನ್ನು ಪ್ರಶ್ನಿಸಬಹುದೇ? ಲೂಕನ ಮೊದಲ ಅಧ್ಯಾಯದಲ್ಲಿ ಅದೇ ಗಬ್ರಿಯೇಲನಿಗೆ ಇಬ್ಬರು ಪ್ರಶ್ನೆ ಹಾಕುತ್ತಾರೆ. ಮುಪ್ಪಿನಲ್ಲಿ ಮಗ ಹುಟ್ಟುತ್ತಾನೆ ಎಂದಾಗ ಎಲಿಜಬೇತಳ ಗಂಡ, ಯಾಜಕ ಜಕರೀಯ ಕೇಳಿದ, ಮೂಕನಾದ. ಕನ್ಯೆಯಾಗಿಯೇ ಮಗನನ್ನು ಹೆರುವಿ ಎಂದಾಗ ನಜರೇತಿನ ಮರಿಯಮ್ಮನವರು ಕೇಳಿದರು, ಅವರಿಗೆ ಉತ್ತರ ಸಿಕ್ಕಿತು. ಇದು ಅನ್ಯಾಯವಲ್ಲವೇ ಎಂದು ಧರ್ಮೋಪದೇಶ ತರಗತಿಯ ಮಕ್ಕಳಿಗೂ ಹೊಳೆಯುತ್ತದೆ.

ಎರಡು ಪ್ರಶ್ನೆಗಳನ್ನು ಪಕ್ಕಪಕ್ಕ ಇಟ್ಟು ಓದಿ. ಜಕರೀಯ ಕೇಳಿದ್ದು "ಇದು ನಿಜವೆಂದು ನಾನು ಹೇಗೆ ತಿಳಿಯಲಿ?" ಎಂದು. ಅವನಿಗೆ ಬೇಕಾದ್ದು ಪುರಾವೆ. ತಾನು ಮುದುಕ, ಹೆಂಡತಿಗೂ ವಯಸ್ಸಾಯಿತು ಎಂಬ ಕಾರಣವನ್ನೂ ಜೋಡಿಸಿದ. ವಯಸ್ಸಾದ ಅಬ್ರಹಾಮ ಸಾರಳಿಗೆ ಮಗುವಾದದ್ದನ್ನು ಬಲ್ಲ ಯಾಜಕ ಅವನು, ನಿಂತದ್ದೂ ದೇವಾಲಯದ ಧೂಪಪೀಠದ ಬಳಿ. ಮರಿಯಮ್ಮನವರು ಕೇಳಿದ್ದು "ಇದು ಆಗುವುದು ಹೇಗೆ?" ಎಂದು. ಆಗುತ್ತದೋ ಇಲ್ಲವೋ ಎಂಬ ಸಂದೇಹ ಅದರಲ್ಲಿಲ್ಲ, ನಾನು ಮಾಡಬೇಕಾದ್ದೇನು ಎಂಬ ಸಿದ್ಧತೆ ಇದೆ. ಆಕೆಯ ಮಟ್ಟಿಗೆ ಹಿಂದೆಂದೂ ನಡೆದ ಉದಾಹರಣೆಯೂ ಇರಲಿಲ್ಲ. ಹಾಗಾಗಿ ಪ್ರಶ್ನೆ ಕೇಳುವುದು ಅವಿಶ್ವಾಸವಲ್ಲ. ನಿಮ್ಮ ಹತ್ತು ನಿಮಿಷದಲ್ಲಿ "ಹೇಗೆ?" ಎಂದು ಧಾರಾಳವಾಗಿ ಕೇಳಿ.

ಜಕರೀಯನ ಮೌನವನ್ನು ಬರೀ ಶಿಕ್ಷೆ ಎಂದು ಓದಿ ಮುಗಿಸಬೇಡಿ. ಮಗು ಹುಟ್ಟಿ ಎಂಟನೇ ದಿನ ನಂಟರಿಷ್ಟರು ಅಪ್ಪನ ಹೆಸರನ್ನೇ ಇಡಲು ಹೊರಟಾಗ ಅವನು ಹಲಗೆ ತರಿಸಿ "ಇವನ ಹೆಸರು ಯೊವಾನ್ನ" ಎಂದು ಬರೆದ. ತಿಂಗಳುಗಟ್ಟಲೆ ಮಾತಿಲ್ಲದೆ ಇದ್ದವನು ಮನೆತನದ ಆಸೆಯನ್ನು ಬಿಟ್ಟು ದೇವರು ಹೇಳಿದ ಹೆಸರನ್ನು ಹಿಡಿದ. ಕೂಡಲೇ ನಾಲಿಗೆ ಬಿಚ್ಚಿತು. ಆಗ ಅವನ ಬಾಯಿಂದ ಬಂದ ಸ್ತುತಿಗೀತೆಯನ್ನು ಧರ್ಮಸಭೆ ಪ್ರತಿದಿನ ಪ್ರಾತಃಕಾಲದ ಪ್ರಾರ್ಥನೆಯಲ್ಲಿ ಹಾಡುತ್ತದೆ. ಡಿಸೆಂಬರ್ 24ರ ಬೆಳಗಿನ ಪೂಜೆಗೆ ಅದೇ ಶುಭಸಂದೇಶ. 19ಕ್ಕೆ ಅವನ ಪ್ರಶ್ನೆ, 20ಕ್ಕೆ ಮರಿಯಮ್ಮನವರ ಪ್ರಶ್ನೆ, 23ಕ್ಕೆ ಹಲಗೆ, 24ಕ್ಕೆ ಹಾಡು. 2026ರಲ್ಲಿ 20ನೇ ತಾರೀಖು ಭಾನುವಾರವೇ ಬಿದ್ದರೂ ಶುಭಸಂದೇಶ ಅದೇ ಇರುತ್ತದೆ, ಸರಣಿ ತಪ್ಪುವುದಿಲ್ಲ. ಆ ನಾಲ್ಕು ದಿನ ಬೆಳಗಿನ ಪೂಜೆಗೆ ಹೋಗಲು ಆಗದವರು ಮನೆಯಲ್ಲೇ ಲೂಕ 1:5ರಿಂದ 80ರವರೆಗೆ ಗಟ್ಟಿಯಾಗಿ ಓದಿ, ಹತ್ತೇ ನಿಮಿಷ ಹಿಡಿಯುತ್ತದೆ.